ಮೊದಲ ಸೆಟ್ ಅಕ್ಕನದು

ತಾಳಮದ್ದಳೆಯವರ ನಡುವೆ ನನ್ನ ಮೇಲಿರುವ ದೊಡ್ಡ ದೂರು ಎಂದರೆ ನಾನು ಸೋಲುವುದಿಲ್ಲ ಎನ್ನುವುದು. ವೇಷವಿಲ್ಲದೆ, ಕುಣಿತವಿಲ್ಲದೆ, ಕುರ್ಚಿಯ ಮೇಲೆ ಎದುರುಬದುರು ಕೂತು ಬರೀ ಮಾತಿನಲ್ಲೇ ಯುದ್ಧ ಮಾಡುವ ಈ ಆಟದಲ್ಲಿ ಯಾರು ಗೆಲ್ಲಬೇಕು ಎನ್ನುವುದನ್ನು ಕಥೆ ಮೊದಲೇ ತೀರ್ಮಾನ ಮಾಡಿಟ್ಟಿರುತ್ತದೆ. ಬಾಣ ತಿಂದು ಸಾಯಬೇಕಾದ ರಾಜ ಸಾಯಲೇಬೇಕು. ನನ್ನ ರಾಜರು ಸಾಯುವುದಿಲ್ಲ. ಎದೆಗೆ ಬಾಣ ನೆಟ್ಟ ಮೇಲೂ ಮುಕ್ಕಾಲು ಗಂಟೆ ಧರ್ಮಸೂಕ್ಷ್ಮ ಕೇಳುತ್ತಾರೆ, ಹೊಡೆದವರೇ ಬೆವರು ಒರೆಸಿಕೊಳ್ಳುತ್ತಾರೆ, ಕೊನೆಗೆ ಹಾಡುವ ಭಾಗವತರು ಜಾಗಟೆ ಬಾರಿಸಿ ಮುಂದಿನ ಪದ ಎತ್ತಿ ನನ್ನ ಬಾಯಿ ಮುಚ್ಚಿಸಬೇಕು. "ಈ ಹೆಂಗ್ಸು ಸಾಯ್ಬೇಕಂದ್ರೆ ಕರೆಂಟ್ ಹೋಗ್ಬೇಕು" ಎಂದು ನಮ್ಮ ಭಾಗವತರು ಒಮ್ಮೆ ಮೈಕು ಆನ್ ಇದ್ದಾಗಲೇ ಹೇಳಿದ್ದರು.

ನನ್ನ ಕಸುಬು ಟೈಲರಿಂಗು. ಸಾಗರದಲ್ಲಿ ಒಂದು ಮಹಡಿ ಮೆಟ್ಟಿಲಿನ ಕೆಳಗೆ ಅಂಗಡಿ. ಬ್ಲೌಸು, ಚೂಡಿದಾರು, ಶಾಲೆ ಮಕ್ಕಳ ಯೂನಿಫಾರ್ಮು. ಅರ್ಥ ಹೇಳುವ, ಎಂದರೆ ಭಾಗವತರ ಪದದ ಬೆನ್ನಿಗೆ ಪಾತ್ರದ ಮಾತು ಕಟ್ಟುವ ಹುಚ್ಚು ಅಪ್ಪನಿಂದ ಬಂದದ್ದು. ಅವನು ಗೇಣಿಗೆ ಗದ್ದೆ ಮಾಡುತ್ತಿದ್ದ ಕಾಲದಲ್ಲಿ ಒಡೆಯರ ಮನೆಯ ತಾಳಮದ್ದಳೆಯನ್ನು ಅಂಗಳದಾಚೆ ಕೂತು ಕೇಳಿ, ಮಾರನೆಯ ದಿನ ಹೂಡುವಾಗ ಎತ್ತುಗಳಿಗೆ ಪೂರ್ತಿ ಅರ್ಥ ಹೇಳುತ್ತಿದ್ದನಂತೆ. ಎತ್ತುಗಳು ಎದುರುತ್ತರ ಕೊಡದೆ ಇದ್ದುದರಿಂದ ಅವನೂ ಯಾವತ್ತೂ ಸೋಲಲಿಲ್ಲ. ಗದ್ದೆ ನಮ್ಮ ಹೆಸರಿಗೆ ಆದ ಮೇಲೆ ಅದೇ ಮನೆಯ ಜಗಲಿಯಲ್ಲಿ ಕೂತು ಅರ್ಥ ಹೇಳಿದ. ನನಗೆ ಅವನು ಕಲಿಸಿದ್ದು ಒಂದೇ ಪಾಠ: "ನಾವು ಸೋತಿದ್ದು ಸಾಕು. ಮೈಕ್ ಸಿಕ್ರೆ ಬಿಡ್ಬ್ಯಾಡ." ನನಗಿಂತ ಏಳು ವರ್ಷ ಚಿಕ್ಕವಳಾದ ತಂಗಿಗೆ ಕಲಿಸಿದವಳು ನಾನು. ಈ ಪಾಠ ಒಂದನ್ನು ಬಿಟ್ಟು ಉಳಿದದ್ದೆಲ್ಲ ಕಲಿಸಿದೆ ಅಂತ ಕಾಣುತ್ತದೆ.

ತಂಗಿ ಹೊಸನಗರದಲ್ಲಿ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತೆ. ನಿಧಾನದವಳು. ಯೋಚಿಸಿ ಮಾತಾಡುತ್ತಾಳೆ, ನಮ್ಮ ಮನೆತನಕ್ಕೆ ಒಗ್ಗದ ಗುಣ. ನಾವು ಆರು ಹೆಂಗಸರು ಸೇರಿ ಮಹಿಳಾ ತಂಡ ಕಟ್ಟಿದಾಗ ಅವಳು ನನ್ನ ಎದುರಿನ ಕುರ್ಚಿಯಲ್ಲಿ ಖಾಯಂ ಆಗಿ ಕೂರುತ್ತಿದ್ದಳು. ನಾಲ್ಕು ವರ್ಷದ ಹಿಂದೆ ಅವಳ ಊರಲ್ಲೇ ಒಂದು ತಾಳಮದ್ದಳೆ ಆಯಿತು. ಅವಳ ಕಚೇರಿಯವರೆಲ್ಲ ಮೊದಲ ಸಾಲಿನಲ್ಲಿ ಕೂತಿದ್ದರು. ಅವಳದು ಸಂಧಾನಕ್ಕೆ ಬಂದ ದೂತನ ಪಾತ್ರ, ನಾನು ಕೊನೆಗೆ ಒಪ್ಪಬೇಕಾದ ರಾಜ. ನಾನು ಒಪ್ಪಲಿಲ್ಲ. ಒಂದೂಕಾಲು ಗಂಟೆ ಅವಳನ್ನು ಪ್ರಶ್ನೆ ಕೇಳಿದೆ. ಅವಳು ಮೂರು ಸಲ ನೀರು ಕುಡಿದಳು. ಮೂರನೇ ಸಲ ಲೋಟ ಕೆಳಗಿಡುವಾಗ, ನಾಲಿಗೆ ತುರಿಸಿ, ಕಥೆಯಲ್ಲಿ ಇಲ್ಲದ ಮಾತೊಂದನ್ನು ಎಸೆದೆ: "ದೂತನೇ, ನಿನ್ನ ಉತ್ತರ ಬೇಕಾದರೆ ಅರ್ಜಿ ಕೊಟ್ಟು ನಾಳೆ ಬರಬೇಕೋ?"

ಸಭೆ ಬಿದ್ದು ಬಿದ್ದು ನಕ್ಕಿತು. ಅವಳ ಕಚೇರಿಯವರು ಎಲ್ಲರಿಗಿಂತ ಜಾಸ್ತಿ ನಕ್ಕರು. ಆಮೇಲೆ ವರ್ಷಗಟ್ಟಲೆ ಅಲ್ಲಿ ಟೀ ತರುವವರಿಂದ ಹಿಡಿದು ಸಾಹೇಬರವರೆಗೆ ಅವಳನ್ನು ಕಂಡಾಗಲೆಲ್ಲ "ಏನು ದೂತರೇ, ನಾಳೆ ಬರ್ಬೇಕಾ?" ಎನ್ನುತ್ತಿದ್ದರಂತೆ. ಇದು ನನಗೆ ಗೊತ್ತಾದದ್ದು ಬೇರೆಯವರಿಂದ. ತಂಗಿ ಏನೂ ಹೇಳಲಿಲ್ಲ. ಹಬ್ಬಕ್ಕೆ ಬಂದಳು, ಬ್ಲೌಸು ಹೊಲಿಸಿಕೊಂಡು ಹೋದಳು, ನನಗೆ ಜ್ವರ ಬಂದಾಗ ಗಂಜಿ ಬೇಯಿಸಿದಳು. ತಾಳಮದ್ದಳೆಗೆ ಕರೆದರೆ ಮಾತ್ರ "ಆಫೀಸಲ್ಲಿ ಆಡಿಟ್ ಇದೆ" ಎನ್ನುತ್ತಿದ್ದಳು. ನಾಲ್ಕು ವರ್ಷ ಬಿಡದೆ ಆಡಿಟ್ ನಡೆಯಲು ಅದೇನು ರಿಸರ್ವ್ ಬ್ಯಾಂಕೇ? ನನಗೂ ಜಂಬ, ನಾನೂ ಆ ವಿಷಯ ಎತ್ತಲಿಲ್ಲ. ಆದರೆ ಎದುರಿನ ಕುರ್ಚಿಯಲ್ಲಿ ಯಾರು ಕೂತರೂ ಅದು ಖಾಲಿ ಎಂದೇ ಅನ್ನಿಸುತ್ತಿತ್ತು.

ಹೀಗಿರುವಾಗ ತೀರ್ಥಹಳ್ಳಿಯಿಂದ ದನದ ಡಾಕ್ಟರೊಬ್ಬರು ಫೋನ್ ಮಾಡಿದರು. ರಿಟೈರ್ ಆದವರು. ಜೀವಮಾನವಿಡೀ ಎಮ್ಮೆಗಳ ಹಿಂಬದಿ ನೋಡಿ ಸಾಕಾಗಿ ಈಗ ಟೆನಿಸ್ ಹಿಡಿದಿದ್ದರು. ಅಲ್ಲಿನ ಒಂದು ಹಳೇ ಕ್ಲಬ್ಬಿನ ಟೆನಿಸ್ ಅಂಗಳದಲ್ಲಿ ಬಹಳ ವರ್ಷ ಹಪ್ಪಳ ಸಂಡಿಗೆ ಒಣಗಿಸುತ್ತಿದ್ದರಂತೆ; ಇವರು ಹಪ್ಪಳದವರನ್ನೆಲ್ಲ ಎಬ್ಬಿಸಿ, ಕೆಂಪು ಮಣ್ಣು ಹಾಕಿಸಿ, ರೋಲರ್ ಓಡಿಸಿ ಮತ್ತೆ ಆಟದ ಅಂಗಳ ಮಾಡಿದ್ದರು. ಅದರ ಆರಂಭಕ್ಕೆ ಅವರಿಗೆ ಟೆನಿಸ್ಸಿನ ಮೇಲೆಯೇ ಒಂದು ತಾಳಮದ್ದಳೆ ಬೇಕಿತ್ತು.

"ಡಾಕ್ಟ್ರೇ, ಟೆನಿಸ್ ಆಡಿದ ದೇವರು ಯಾರೂ ಇಲ್ವಲ್ಲ" ಎಂದೆ.

"ದೇವ್ರು ಎಂತಕ್ಕೆ? ಅಕ್ಕ ತಂಗಿ ಕಥೆ ಇದೆ ಮಾರಾಯ್ತಿ. ನಿಮ್ಮಿಬ್ರಿಗೆ ಅಂತಲೇ ಮಾಡ್ಸಿದ ಹಾಗಿದೆ" ಎಂದು ಇಂಟರ್‌ನೆಟ್ಟಿನಿಂದ ತೆಗೆದ ಐದು ಹಾಳೆ ಕಳಿಸಿಕೊಟ್ಟರು.

ಕಥೆ ಸಣ್ಣದು. ನೂರನಲವತ್ತು ವರ್ಷದ ಹಿಂದೆ ಇಂಗ್ಲೆಂಡಿನಲ್ಲಿ ಮೊದಲ ಸಲ ಹೆಂಗಸರಿಗೂ ಟೆನಿಸ್ ಚಾಂಪಿಯನ್‌ಶಿಪ್ ಇಟ್ಟರು. ಗಂಡಸರಿಗೆ ಇಟ್ಟು ಏಳು ವರ್ಷ ಆದ ಮೇಲೆ ಹೆಂಗಸರ ನೆನಪಾಯಿತು ಪುಣ್ಯಾತ್ಮರಿಗೆ. ಹೆಸರು ಕೊಟ್ಟವರು ಹದಿಮೂರು ಮಂದಿ. ಕೊನೆಯ ಆಟಕ್ಕೆ ಉಳಿದವರು ಹಳ್ಳಿ ಇಗರ್ಜಿಯ ಪಾದ್ರಿಯೊಬ್ಬರ ಇಬ್ಬರು ಹೆಣ್ಣುಮಕ್ಕಳು. ಮೊದಲ ಸೆಟ್ ಅಕ್ಕ ಗೆದ್ದಳು. ಉಳಿದ ಎರಡೂ ತಂಗಿ ಗೆದ್ದು ಚಾಂಪಿಯನ್ ಆದಳು. ಹತ್ತೊಂಬತ್ತು ವರ್ಷದ ಹುಡುಗಿ. ಅವಳಿಗೆ ಬೆಳ್ಳಿಯ ಹೂಬುಟ್ಟಿ ಕೊಟ್ಟರು. ಸೋತ ಅಕ್ಕನಿಗೆ ಕೈಗನ್ನಡಿ ಮತ್ತು ತಲೆ ಬಾಚುವ ಬ್ರಶ್ಶು. ಓದಿ ನನ್ನ ಮೈ ಉರಿಯಿತು. ಸೋತವಳು ಮನೆಗೆ ಹೋಗಿ ತನ್ನ ಮುಖ ತಾನೇ ನೋಡಿಕೊಳ್ಳಲಿ ಅಂತಲೋ ಏನೋ!

ಡಾಕ್ಟರ ಐದು ಹಾಳೆಯಲ್ಲಿ ನಾಲ್ಕೂಮುಕ್ಕಾಲು ತಂಗಿಯದೇ ಕಥೆ. ಮುಂದಿನ ವರ್ಷವೂ ಗೆದ್ದಳು, ಮೂರನೇ ವರ್ಷ ಬೇರೊಬ್ಬಳಿಗೆ ಸೋತಳು, ಮುಂದೆ ಆಟ ಬಿಟ್ಟಳು, ಮಹಾಯುದ್ಧದಲ್ಲಿ ಗಾಯಾಳುಗಳ ಸೇವೆ ಮಾಡಿ ಮರ್ಯಾದೆ ಪಡೆದಳು. ಅಕ್ಕನ ಬಗ್ಗೆ ಇದ್ದದ್ದು ಒಂದು ಸಾಲು, ಸೋತಳು ಅಂತ.

ಜೊತೆಗೆ ತಂಗಿಯ ಫೋಟೋ ಇತ್ತು. ಅದನ್ನು ನಾನು ಅರ್ಧ ದಿನ ನೋಡಿದೆ. ಆಟಗಾರ್ತಿಯನ್ನಲ್ಲ, ಬಟ್ಟೆಯನ್ನು. ಪಾದದವರೆಗೆ ಬಿಳಿ ಲಂಗ, ಒಳಗೆ ಇನ್ನೆಷ್ಟು ಪದರವೋ, ಸೊಂಟವನ್ನು ಮುಷ್ಟಿಯಲ್ಲಿ ಹಿಡಿಯುವಷ್ಟು ಬಿಗಿದಿದ್ದಾರೆ, ಕೈ ಮಣಿಕಟ್ಟಿನವರೆಗೆ ತೋಳು, ಮೇಲೆ ಹ್ಯಾಟು. ಕಂಕುಳಲ್ಲಿ ಒಂದಿಂಚು ಸಡಿಲ ಬಿಡದೆ ಹೊಲಿದಿದ್ದಾನೆ ಆ ಟೈಲರ್ ಮಹಾಶಯ. ಅದರಲ್ಲಿ ಕೈ ತಲೆಯ ಮೇಲಕ್ಕೆ ಏಳುವುದೇ ಕಷ್ಟ. ನನ್ನ ಅಂಗಡಿಗೆ ಬಂದಿದ್ದರೆ ಇಬ್ಬರಿಗೂ ಕಂಕುಳಿಗೆ ಒಂದೊಂದು ಪಟ್ಟಿ ಸೇರಿಸಿ ಕೊಡುತ್ತಿದ್ದೆ. ಆಗ ಗೊತ್ತಾಗುತ್ತಿತ್ತು ಯಾರು ಗೆಲ್ಲುತ್ತಾರೆ ಅಂತ.

ಪದಗಳನ್ನು ಬರೆದವರು ನಮ್ಮ ಭಾಗವತರು. ಹೆಗ್ಗೋಡಿನ ಕಡೆಯವರು, ಪ್ರೈಮರಿ ಶಾಲೆಯ ಮೇಡಂ, ನನ್ನನ್ನು ಹೆದರಿಸಬಲ್ಲ ಏಕೈಕ ಹೆಂಗಸು. "ಬಿಳಿಯ ಚೆಂಡದು ಬಲೆಯ ದಾಟುತ ಎಳೆಯ ತಂಗಿಯ ಬಳಿಗೆ ಬಂದಿರೆ" ಎಂದು ಶುರು ಮಾಡಿ ಹದಿನಾಲ್ಕು ಪದ ಕಟ್ಟಿದರು. ರ‍್ಯಾಕೆಟ್ಟಿಗೆ ತಂತಿಗದೆ ಎಂದು ಹೆಸರಿಟ್ಟರು. ಮೂರು ಸೆಟ್ಟಿಗೆ ಮೂರು ಸಂವಾದ. ಮೊದಲನೆಯದು ಅಕ್ಕನಿಗೆ, ಉಳಿದೆರಡು ತಂಗಿಗೆ. ಆಮೇಲೆ ನನ್ನ ಅಂಗಡಿಗೆ ಬಂದು, ಸ್ಟೂಲಿನ ಮೇಲೆ ಕೂತು, ಕಡ್ಡಿ ತುಂಡು ಮಾಡಿದ ಹಾಗೆ ಹೇಳಿದರು.

"ನಿನ್ನ ತಂಗಿ ಹತ್ರ ನಾನೇ ಮಾತಾಡಿದ್ದೀನಿ. ಬರ್ತಾಳಂತೆ. ಎಂತಕ್ಕೆ ಬರ್ತಾಳೆ ಗೊತ್ತಾ? ಕಥೇಲಿ ತಂಗಿ ಗೆಲ್ತಾಳೆ ಅಂತ. ನೀನು ಈ ಸಲ ಸೋಲದಿದ್ರೆ ಅವಳು ಇನ್ನು ಈ ಜನ್ಮದಲ್ಲಿ ನಿನ್ನೆದ್ರು ಕೂರಲ್ಲ. ನಾನೂ ಜಾಗಟೆ ಮನೇಲಿಡ್ತೀನಿ."

"ಸೋಲ್ತೀನಿ ಮೇಡಂ, ಅದೆಂತ ದೊಡ್ಡ ವಿಷ್ಯ" ಎಂದೆ. ಅವರು ನನ್ನನ್ನು ನಂಬಲಿಲ್ಲ. ನನಗೂ ನಂಬಿಕೆ ಇರಲಿಲ್ಲ. ಮೂರು ವಾರ ಮಷಿನ್ ತುಳಿಯುತ್ತ ಸೋಲುವ ಅಭ್ಯಾಸ ಮಾಡಿದೆ. ಬ್ಲೌಸಿಗೆ ಕೊಕ್ಕೆ ಹಾಕುತ್ತ "ನೀನೇ ಗೆದ್ದೆ ತಂಗೀ" ಎಂದು ಹೇಳಿ ನೋಡಿದೆ. ಅಳತೆ ಕೊಡಲು ಬಂದ ಗಿರಾಕಿಯೊಬ್ಬಳು ನನಗೆ ತಲೆ ಕೆಟ್ಟಿದೆ ಎಂದು ಭಾವಿಸಿ ಬಟ್ಟೆ ವಾಪಸು ಕೇಳಿದಳು.

ಕಾರ್ಯಕ್ರಮ ಒಂದು ಭಾನುವಾರ ಮಧ್ಯಾಹ್ನ ಮೂರಕ್ಕೆ. ಸಾಗರದಿಂದ ಬಸ್ಸು ಹತ್ತಿದೆ. ಹೊಸನಗರದಲ್ಲಿ ತಂಗಿ ಹತ್ತಿದಳು. ಅವಳಿಗೆಂದು ಪಕ್ಕದ ಸೀಟಿನಲ್ಲಿ ಬ್ಯಾಗು ಇಟ್ಟು ಕಾದಿದ್ದೆ. ಅವಳು ನನ್ನನ್ನು ನೋಡಿ ನಕ್ಕು, "ಅಲ್ಲಿ ಬಿಸ್ಲು" ಎಂದು ಎರಡು ಸೀಟು ಮುಂದೆ ಕೂತಳು. ಆ ಕಡೆಯೂ ಬಿಸಿಲೇ ಇತ್ತು. ತೀರ್ಥಹಳ್ಳಿಯವರೆಗೆ ನಾನು ಅವಳ ಜಡೆಯ ಹಿಂಭಾಗ ನೋಡುತ್ತ ಹೋದೆ. ಅರ್ಧಕ್ಕರ್ಧ ಬೆಳ್ಳಗಾಗಿತ್ತು. ಗಮನಿಸಿಯೇ ಇರಲಿಲ್ಲ, ನನಗೆ ಅಳು ಬಂತು.

ಡಾಕ್ಟರು ಟೆನಿಸ್ ಅಂಗಳದ ಮಧ್ಯದಲ್ಲೇ ವೇದಿಕೆ ಮಾಡಿ, ನಮ್ಮಿಬ್ಬರ ಕುರ್ಚಿಗಳ ನಡುವೆ ನಿಜವಾದ ನೆಟ್ ಕಟ್ಟಿಸಿದ್ದರು. ಭಾಗವತರನ್ನು ಅಂಪೈರಿನ ಏಣಿಕುರ್ಚಿ ಮೇಲೆ ಕೂರಿಸುವ ಆಸೆ ಅವರಿಗೆ ಬಹಳ ಇತ್ತು. "ನಾನು ಮಂಗ ಅಲ್ಲ" ಎಂದು ಮೇಡಂ ನೆಲದ ಜಮಖಾನದ ಮೇಲೇ ಕೂತರು. ಹೂಬುಟ್ಟಿ, ಕನ್ನಡಿ, ಬ್ರಶ್ಶು ಒಂದು ಟೀಪಾಯಿಯ ಮೇಲೆ ತಯಾರಿದ್ದವು. ಎಲ್ಲ ಸ್ಟೀಲು ಮತ್ತು ಪ್ಲಾಸ್ಟಿಕ್ಕು, ಆದರೆ ಡಾಕ್ಟರು ಇತಿಹಾಸಕ್ಕೆ ಮೋಸ ಮಾಡಿರಲಿಲ್ಲ. ಹಪ್ಪಳದ ಹೆಂಗಸರೂ ಹಿಂದಿನ ಸಾಲಿನಲ್ಲಿ ಕೂತಿದ್ದರು, ಜಾಗ ವಾಪಸು ಸಿಗುತ್ತದೋ ಎಂದು ನೋಡಲು.

ಮೊದಲ ಸೆಟ್ಟು ನಾನು ಆಡಿದ್ದೇ ಆಟ. ಕಥೆಯೇ ಅನುಮತಿ ಕೊಟ್ಟ ಗೆಲುವು, ಬಿಡುವುದುಂಟೇ? ಪಾದ್ರಿಯ ಹಿರಿಮಗಳಾಗಿ ಇಂಗ್ಲೆಂಡಿನ ಚಳಿ, ಹುಲ್ಲು, ಗಂಡಸರ ಮೀಸೆ ಎಲ್ಲವನ್ನೂ ವರ್ಣಿಸಿದೆ. ಹದಿನೈದು, ಮೂವತ್ತು ಆದ ಮೇಲೆ ನಲವತ್ತೈದು ಬರುವ ಬದಲು ನಲವತ್ತು ಬರುವ ಆ ಲೆಕ್ಕ ಯಾವ ಟೈಲರಿನ ಟೇಪಿನದು ಎಂದು ಕೇಳಿದೆ. ಚಪ್ಪಾಳೆ ಬಿತ್ತು. ತಂಗಿ ಎರಡು ಮಾತಾಡಿ ಸೋತಳು, ಸೋಲಬೇಕಾದ ಜಾಗದಲ್ಲಿ ಸೊಗಸಾಗಿ ಸೋತಳು.

ಎರಡನೇ ಸೆಟ್ಟಿನ ಪದ ಮುಗಿಯಿತು. ಅವಳು ಮೊದಲ ವಾದ ಮುಂದಿಟ್ಟಳು, ಚೆಂಡಿಗೆ ವಯಸ್ಸು ಗೊತ್ತಾಗುವುದಿಲ್ಲ ಎನ್ನುವ ಥರದ್ದು. ಅದನ್ನು ಚಿಂದಿ ಮಾಡಲು ನನ್ನಲ್ಲಿ ಐದು ದಾರಿ ಇತ್ತು. ಭಾಗವತರು ನನ್ನ ಕಡೆ ನೋಡಿದರು. ನಾನು ಐದನ್ನೂ ನುಂಗಿ, ಮೂರು ವಾರ ಕೊಕ್ಕೆ ಹಾಕುತ್ತ ಕಲಿತ ಮಾತು ಹೇಳಿಬಿಟ್ಟೆ: "ನಿಜ ತಂಗೀ. ನೀನೇ ಗೆದ್ದೆ."

ಸಭೆ ತಣ್ಣಗಾಯಿತು. ನಾನು ಏನೋ ದೊಡ್ಡ ತ್ಯಾಗ ಮಾಡಿದವಳ ಹಾಗೆ ಶಾಲು ಸರಿಮಾಡಿಕೊಂಡೆ. ತಂಗಿಯ ಕಡೆ ನೋಡಿದರೆ ಅವಳ ಮುಖ ಕೆಂಪಾಗಿತ್ತು. ನಾಲ್ಕು ವರ್ಷದ ಹಿಂದೆ ಸಭೆ ನಕ್ಕಾಗಲೂ ಅಷ್ಟು ಕೆಂಪಾಗಿರಲಿಲ್ಲ. ಅವಳು ಮೈಕು ಹತ್ತಿರ ಎಳೆದುಕೊಂಡಳು.

"ಅಕ್ಕಾ, ದಾನವಾಗಿ ಬಂದ ಚೆಂಡನ್ನು ನಾನು ಹೊಡೆಯುವುದಿಲ್ಲ. ಎತ್ತಿಕೊ. ಮತ್ತೆ ಹೊಡೆ."

ಆಗ ನನಗೆ ಬಂದದ್ದು ಸಿಟ್ಟು. ಒಳ್ಳೆಯವಳಾಗಲು ಹೊರಟರೆ ಮುಖಕ್ಕೇ ಎಸೆಯುತ್ತಾಳಲ್ಲ! ಸರಿ, ಬೇಕಾದದ್ದು ಕೊಡುತ್ತೇನೆ ಎಂದು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡೆ. ಅಪ್ಪ ಕಲಿಸಿದ ಎಲ್ಲ ಪಟ್ಟು ಹಾಕಿದೆ. ಅವಳು ಈ ಸಲ ನೀರು ಕುಡಿಯಲಿಲ್ಲ. ಯೋಚಿಸಿ ಯೋಚಿಸಿ ಒಂದೊಂದಕ್ಕೂ ಉತ್ತರ ಕೊಟ್ಟಳು. ಎರಡನೇ ಸೆಟ್ಟು ಮುಗಿದದ್ದೇ ನಮಗೆ ತಿಳಿಯಲಿಲ್ಲ. ಭಾಗವತರು ಮಧ್ಯದಲ್ಲೆಲ್ಲೋ ಮೂರನೇ ಸೆಟ್ಟಿನ ಪದ ಹಾಡಿ ಮುಗಿಸಿದ್ದರು. ಕೊನೆಗೆ ನಾನು ಯಾವತ್ತೂ ಗುರಿ ತಪ್ಪದ ಮಾತನ್ನು ತೆಗೆದೆ.

"ತಂಗೀ, ನಿನ್ನ ಕೈಗೆ ತಂತಿಗದೆ ಕೊಟ್ಟವಳು ನಾನು. ಹಿಡಿಯುವುದು ಹೇಗೆ, ಬೀಸುವುದು ಹೇಗೆ ಎಂದು ಕಲಿಸಿದವಳು ನಾನು. ನಿನ್ನ ಒಂದೊಂದು ಹೊಡೆತದಲ್ಲೂ ನನ್ನ ಕೈ ಇದೆ. ಆದ್ದರಿಂದ ನೀನು ಗೆದ್ದರೂ ಗೆದ್ದವಳು ನಾನೇ."

ಗುರುವಾದವಳು ಈ ಬಾಣ ಬಿಟ್ಟ ಮೇಲೆ ಶಿಷ್ಯೆಗೆ ಉಳಿಯುವುದು ನಮಸ್ಕಾರ ಒಂದೇ. ಸಭೆ ಚಪ್ಪಾಳೆ ತಟ್ಟಿತು. ಭಾಗವತರು ಜಾಗಟೆಯ ಕೋಲು ಎತ್ತಿ, ನನ್ನನ್ನು ಕೊಲ್ಲುವವರ ಹಾಗೆ ನೋಡಿದರು. ತಂಗಿ ಅವರಿಗೆ ತಡೆಯಿರಿ ಎಂದು ಕೈ ಮಾಡಿದಳು.

"ಒಪ್ಪಿದೆ ಅಕ್ಕಾ. ಹೊಡೆತಗಳೆಲ್ಲ ನಿನ್ನವು. ಅಪ್ಪನ ಇಗರ್ಜಿಯ ಹಿಂದಿನ ಹುಲ್ಲಿನ ಮೇಲೆ ದಿನವೂ ನಾವಿಬ್ಬರು ಆಡಿದೆವು. ದಿನವೂ ನೀನು ಗೆದ್ದೆ. ಚೆಂಡು ಹೆಕ್ಕಿಕೊಂಡು ನಿನ್ನ ಹಿಂದೆ ಮನೆಗೆ ಬಂದವಳು ನಾನು. ಸೋತವಳು ಗೆದ್ದವಳ ಪಕ್ಕ ಊಟಕ್ಕೆ ಕೂರುವುದು ಹೇಗೆ, ಅವಳಿಗೆ ಜ್ವರ ಬಂದರೆ ಹಣೆಗೆ ಬಟ್ಟೆ ಹಾಕುವುದು ಹೇಗೆ, ಬೆಳಗ್ಗೆ ಎದ್ದು ಮತ್ತೆ ಅವಳನ್ನೇ ಆಟಕ್ಕೆ ಕರೆಯುವುದು ಹೇಗೆ, ಇದನ್ನು ನೀನು ನನಗೆ ಕಲಿಸಲಿಲ್ಲ. ನಿನಗೆ ಬರುತ್ತಿರಲಿಲ್ಲ. ನಾನೇ ಕಲಿತೆ. ನೀನು ಕಲಿಸಿದ್ದನ್ನೆಲ್ಲ ನಿನಗೇ ತಿರುಗಿ ಕೊಡುತ್ತೇನೆ, ತೆಗೆದುಕೊ. ಈ ಒಂದು ವಿದ್ಯೆ ನಿನ್ನ ಹತ್ತಿರ ಇದೆಯೇ? ಇದ್ದರೆ ತೋರಿಸು."

ನಾನು ಬಾಯಿ ತೆರೆದೆ. ಮೂವತ್ತು ವರ್ಷದಲ್ಲಿ ತೆರೆದ ಬಾಯಿಗೆ ಮಾತು ಬಾರದೆ ಇದ್ದದ್ದಿಲ್ಲ. ಹುಡುಕಿದೆ. ಇರಲಿಲ್ಲ. ಈಗ ಅವಳು ಆ ಮಾತು ಹೇಳುತ್ತಾಳೆ ಎಂದು ನನಗೆ ಖಾತ್ರಿಯಾಗಿತ್ತು. ಅರ್ಜಿ ಕೊಟ್ಟು ನಾಳೆ ಬರಲೇ ಅಕ್ಕಾ ಎಂದು ಒಂದು ಸಲ ಅಂದರೆ ಸಾಕಿತ್ತು, ಸಭೆ ಎದ್ದು ಕುಣಿಯುತ್ತಿತ್ತು. ನಾನಾಗಿದ್ದರೆ ಹೇಳದೆ ಬಿಡುತ್ತಿರಲಿಲ್ಲ. ತಂಗಿ ತನ್ನ ಮುಂದಿದ್ದ ನೀರಿನ ಲೋಟ ತೆಗೆದು, ನೆಟ್ಟಿನ ಮೇಲಿನಿಂದ ನನ್ನ ಕಡೆ ಚಾಚಿದಳು.

ಕುಡಿದೆ. ಲೋಟ ಇಟ್ಟು, ನೆಟ್ಟಿನ ಆಚೆ ಕೂತವಳಿಗೆ ಕೈ ಮುಗಿದೆ. ಆಮೇಲೆ ಭಾಗವತರು ಜಾಗಟೆ ಇಲ್ಲದೆಯೇ ಮಂಗಳದ ಪದ ಎತ್ತಿದರು. ಡಾಕ್ಟರು ತಂಗಿಗೆ ಹೂಬುಟ್ಟಿ ಕೊಟ್ಟು ನನ್ನ ಕೈಗೆ ಕನ್ನಡಿ ಕೊಟ್ಟರು. ನೋಡಿಕೊಂಡೆ. ಕುಂಕುಮ ಹರಡಿ ಮೂಗಿನವರೆಗೆ ಬಂದಿತ್ತು, ಯಾರೂ ಹೇಳಿರಲಿಲ್ಲ.

ಸಂಜೆಯ ಬಸ್ಸಿನಲ್ಲಿ ತಂಗಿ ನನ್ನ ಪಕ್ಕ ಬಂದು ಕೂತಳು. ಹೂಬುಟ್ಟಿ ಅವಳ ತೊಡೆಯ ಮೇಲೆ, ಕನ್ನಡಿ ನನ್ನ ತೊಡೆಯ ಮೇಲೆ. ಬಹಳ ದೂರ ಹೋದ ಮೇಲೆ ಕೇಳಿದೆ.

"ಆ ಮಾತು ಎಂತಕ್ಕೆ ಹೇಳ್ಲಿಲ್ಲ ನೀನು?"

"ಯಾವ್ದು?"

"ಅದೇ. ಅರ್ಜಿ ಕೊಟ್ಟು ನಾಳೆ ಬಾ ಅನ್ನೋದು."

ಅವಳು ತಿರುಗಿ ನನ್ನನ್ನೇ ನೋಡಿದಳು. "ನಿಂಗೆ ನೆನಪಿದ್ಯಾ? ನಾಲ್ಕು ವರ್ಷದಿಂದ ಒಂದ್ಸಲನೂ ಎತ್ಲಿಲ್ಲ. ನಿಂಗೆ ಮರ್ತೇ ಹೋಗಿದೆ ಅನ್ಕೊಂಡಿದ್ದೆ. ಅದೇ ಜಾಸ್ತಿ ಬೇಜಾರಾಗಿದ್ದು ನಂಗೆ."

ಹೊಸನಗರ ಬಂದೇ ಬಿಟ್ಟಿತು. ಅವಳು ಬುಟ್ಟಿ ಎತ್ತಿಕೊಂಡು ಎದ್ದಳು. ಕಂಡಕ್ಟರು "ಬೇಗ ಇಳೀರಿ" ಎಂದು ಕೂಗುತ್ತಿದ್ದ. ಧರ್ಮಸೂಕ್ಷ್ಮದ ಮೇಲೆ ಮುಕ್ಕಾಲು ಗಂಟೆ ಮಾತಾಡುವ ನನಗೆ ಎರಡು ಪದ ಹೇಳಲು ಬಸ್ಸು ನಿಲ್ಲಬೇಕಾಯಿತು. ಅವಳು ಬಾಗಿಲ ಹತ್ತಿರ ಹೋದಾಗ ಇಡೀ ಬಸ್ಸಿಗೆ ಕೇಳುವ ಹಾಗೆ ಕೂಗಿದೆ.

"ತಪ್ಪಾಯ್ತು ಕಣೇ!"

ಅವಳು ಕೆಳಗಿಳಿದು, ನನ್ನ ಕಿಟಕಿಯ ಕೆಳಗೆ ಬಂದು, ಬುಟ್ಟಿ ಸೊಂಟಕ್ಕಿಟ್ಟುಕೊಂಡು ತಲೆ ಎತ್ತಿದಳು.

"ಅರ್ಜಿ ಕೊಟ್ಟು ನಾಳೆ ಬಾ."

ಬಸ್ಸು ಹೊರಟಿತು. ಸಾಗರದವರೆಗೆ ಒಬ್ಬಳೇ ನಗುತ್ತ ಅಳುತ್ತ ಹೋದೆ. ಪಕ್ಕದವರು ಕನ್ನಡಿ ನೋಡಿ ಏನು ತಿಳಿದುಕೊಂಡರೋ.

ಮಾರನೆಯ ದಿನ ಸೋಮವಾರ. ಮದುವೆಯ ಆರು ಬ್ಲೌಸು ಕೊಡಬೇಕಿತ್ತು. ಅಂಗಡಿಗೆ ಬೀಗ ಹಾಕಿ, ಅಳತೆ ಬರೆಯುವ ಪುಸ್ತಕದಿಂದ ಒಂದು ಹಾಳೆ ಹರಿದು, ಬಸ್ಸಿನಲ್ಲಿ ಕೂತು ಬರೆದೆ. ರಸ್ತೆಯ ಗುಂಡಿಗೆ ಅಕ್ಷರವೆಲ್ಲ ಕುಣಿದವು. ಗೆ, ತಂಗಿ. ಇಂದ, ಅಕ್ಕ. ವಿಷಯ: ನಾಲ್ಕು ವರ್ಷದ ಹಿಂದೆ ಆಡಬಾರದ ಮಾತು ಆಡಿದ ಬಗ್ಗೆ. ಅವಳ ಕಚೇರಿಗೆ ಹೋಗಿ, ಅವಳ ಮೇಜಿನ ಮುಂದೆ ಸಾಲಿನಲ್ಲಿ ನಿಂತೆ. ನನ್ನ ಮುಂದೆ ಮೂವರಿದ್ದರು. ನನ್ನ ಸರದಿ ಬಂದಾಗ ಅವಳು ತಲೆ ಎತ್ತಲಿಲ್ಲ, ಕೈ ಚಾಚಿದಳು. ಹಾಳೆ ಕೊಟ್ಟೆ. ಮೊದಲಿಂದ ಕೊನೆಯವರೆಗೆ ಓದಿದಳು. ಅಕ್ಕಪಕ್ಕದ ಮೇಜಿನವರೆಲ್ಲ, ನಾಲ್ಕು ವರ್ಷದ ಹಿಂದೆ ಮೊದಲ ಸಾಲಿನಲ್ಲಿ ನಕ್ಕವರು, ನನ್ನ ಗುರುತು ಹಿಡಿದು ಕೆಲಸ ನಿಲ್ಲಿಸಿ ನೋಡುತ್ತಿದ್ದರು. ನಾನು ಅವರೆದುರು ಕೈ ಕಟ್ಟಿ ನಿಂತೇ ಇದ್ದೆ.

ಅವಳು ಪೆನ್ನು ತೆಗೆದು ಹಾಳೆಯ ಮೂಲೆಯಲ್ಲಿ ಏನೋ ಬರೆದು, ಸಹಿ ಹಾಕಿ, ಮಡಚಿ ತನ್ನ ಪರ್ಸಿನೊಳಗೆ ಇಟ್ಟುಕೊಂಡಳು. ಆಮೇಲೆ ಪಕ್ಕದ ಕುರ್ಚಿಯ ಮೇಲಿದ್ದ ಫೈಲುಗಳನ್ನು ಎತ್ತಿ ನೆಲಕ್ಕಿಟ್ಟು, ಆ ಕುರ್ಚಿಯನ್ನು ತನ್ನ ಎದುರಿಗೆ ಎಳೆದಳು.

"ಕೂತ್ಕೋ" ಎಂದಳು.